ಜನರೇಟರ್ ಟ್ಯಾಂಕಿಗೆ ನೀರು ಸೇರುವುದು ಮಳೆಗಾಲದಲ್ಲಿ ಮಾತ್ರ ಅಲ್ಲ

ಸಕಲೇಶಪುರ ಕಡೆ ಕಾಫಿ ತೋಟ ಇದ್ದವರಿಗೆ ಜನರೇಟರ್ ಇಲ್ಲದೆ ಆಗುವುದಿಲ್ಲ. ಜೂನ್‌ನಲ್ಲಿ ಗಾಳಿಮಳೆ ಶುರುವಾದರೆ ಯಾವುದಾದರೂ ಮರ ಲೈನ್ ಮೇಲೆ ಬೀಳುತ್ತದೆ, ಮತ್ತೆ ಕರೆಂಟ್ ಯಾವಾಗ ಅಂತ ಹೇಳುವವರಿಲ್ಲ. ಅದಕ್ಕೆ ಮಳೆಗಾಲದಲ್ಲಿ ಎಲ್ಲರೂ ಜನರೇಟರ್‌ನ ಚೆನ್ನಾಗಿ ನೋಡಿಕೊಳ್ಳುತ್ತಾರೆ. ಮಳೆ ಬಿಟ್ಟ ಮೇಲೆ ಅದರ ಕಡೆ ತಿರುಗಿಯೂ ನೋಡುವುದಿಲ್ಲ. ಆದರೆ ಟ್ಯಾಂಕ್ ಒಳಗೆ ಹನಿ ಕಟ್ಟುವುದು ಜಾಸ್ತಿ ಆಗಲೇ, ನವೆಂಬರ್‌ನಿಂದ ಫೆಬ್ರವರಿ ತನಕ.

ಕಾರಣ ಸರಳ. ಮಳೆಗಾಲದಲ್ಲಿ ಹಗಲಿಗೂ ರಾತ್ರಿಗೂ ಬಿಸಿಯಲ್ಲಿ ದೊಡ್ಡ ವ್ಯತ್ಯಾಸ ಇರುವುದಿಲ್ಲ. ಚಳಿಗಾಲದಲ್ಲಿ ಮಧ್ಯಾಹ್ನ ಬಿಸಿಲು ಸುಡುತ್ತದೆ, ಬೆಳಗಿನ ಜಾವ ಇಬ್ಬನಿ ಸುರಿಯುತ್ತದೆ. ಹಗಲು ಟ್ಯಾಂಕ್ ಕಾದಾಗ ಒಳಗಿನ ಗಾಳಿ ಹಿಗ್ಗಿ ಹೊರಗೆ ಹೋಗುತ್ತದೆ. ರಾತ್ರಿ ತಣ್ಣಗಾದಾಗ ಅಷ್ಟೇ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ, ಅದೂ ತೇವ ತುಂಬಿದ ಗಾಳಿ. ತಣ್ಣೀರು ತುಂಬಿದ ಚೊಂಬಿನ ಮೈ ಬೆವರುವ ಹಾಗೆ ಡೀಸೆಲ್ ಇಲ್ಲದ ಜಾಗದ ತಗಡಿನ ಮೇಲೆ ಹನಿ ಕೂರುತ್ತದೆ, ಇಳಿಯುತ್ತದೆ. ನೀರು ಡೀಸೆಲ್‌ಗಿಂತ ಭಾರ ಅಲ್ವಾ, ನೇರ ತಳಕ್ಕೆ ಹೋಗಿ ನಿಲ್ಲುತ್ತದೆ.

ಎಷ್ಟು ನೀರು ಅಂತ ಒಂದು ಲೆಕ್ಕ ಹಾಕೋಣ. 100 ಲೀಟರ್ ಟ್ಯಾಂಕ್, 20 ಲೀಟರ್ ಡೀಸೆಲ್, ಉಳಿದ 80 ಲೀಟರ್ ಗಾಳಿ. ಬಿಸಿ 10 ಡಿಗ್ರಿ ಇಳಿದರೆ ಸುಮಾರು ಎರಡೂವರೆ ಲೀಟರ್ ಗಾಳಿ ಒಳಗೆ ಬರುತ್ತದೆ. 20 ಡಿಗ್ರಿಯ ಒಂದು ಘನ ಮೀಟರ್ ಗಾಳಿ, ಅಂದರೆ 1000 ಲೀಟರ್, ಹೆಚ್ಚೆಂದರೆ 17 ಗ್ರಾಂ ತೇವ ಹಿಡಿದುಕೊಳ್ಳುತ್ತದೆ. ಅಲ್ಲಿಗೆ ರಾತ್ರಿಗೆ ಹೆಚ್ಚೆಂದರೆ ಒಂದು ಹನಿ. ಇಡೀ ಚಳಿಗಾಲಕ್ಕೆ ಒಂದು ಟೀ ಚಮಚ.

ಇಷ್ಟಕ್ಕೇ ಯಾಕೆ ತಲೆಕೆಡಿಸಿಕೊಳ್ಳಬೇಕು ಅಂತ ಕೇಳಬಹುದು. ಕೆಡಿಸಿಕೊಳ್ಳಬೇಕು. ನೀರು ಮತ್ತು ಡೀಸೆಲ್ ಸೇರುವ ಗೆರೆಯಲ್ಲಿ ಸೂಕ್ಷ್ಮಜೀವಿ ಬೆಳೆಯುತ್ತವೆ, ಕಪ್ಪು ಲೋಳೆ ಕಟ್ಟಿಕೊಂಡು ಫಿಲ್ಟರ್‌ಗೆ ಬಂದು ಕೂರುತ್ತದೆ. ತಗಡು ತುಕ್ಕು ಹಿಡಿಯುತ್ತದೆ. ಪಂಪ್, ಎಂಜಿನ್ ಒಳಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್, ಇವುಗಳ ಒಳಗಿನ ಭಾಗಗಳಿಗೆ ಡೀಸೆಲ್ಲೇ ಎಣ್ಣೆ, ಅಲ್ಲಿಗೆ ನೀರು ಹೋದರೆ ಸವೆದು ಹಾಳಾಗುತ್ತವೆ. ಇದೆಲ್ಲ ಬೆಳಕಿಗೆ ಬರುವುದು ಡಿಸೆಂಬರ್, ಜನವರಿಯಲ್ಲಿ, ಕಾಫಿ ಹಣ್ಣು ಕೊಯ್ದು ಪಲ್ಪರ್ (ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ಹತ್ತಿರ ರಾಶಿ ಹಾಕಿದ ಸಂಜೆ ಕರೆಂಟ್ ಹೋದಾಗ. ಹಣ್ಣನ್ನು ಅವತ್ತೇ ಪಲ್ಪ್ ಮಾಡಬೇಕು, ರಾತ್ರಿಯೆಲ್ಲ ರಾಶಿಯಲ್ಲೇ ಬಿಟ್ಟರೆ ಹುಳಿಯೋಕೆ ಶುರುವಾಗಿ ಕಾಫಿಯ ರುಚಿಯೇ ಕೆಡುತ್ತದೆ.

ಇನ್ನೊಂದು ಮಾತು. ತಳದಿಂದ ಲೋಟಗಟ್ಟಲೆ ನೀರು ಬರುತ್ತಿದ್ದರೆ ಅದು ಇಬ್ಬನಿಯ ನೀರಲ್ಲ, ಎಲ್ಲಿಂದಲೋ ನೇರವಾಗಿ ನುಗ್ಗುತ್ತಿದೆ. ಮೊದಲು ಮುಚ್ಚಳದ ರಬ್ಬರ್ ವಾಷರ್ ನೋಡಿ. ಆಮೇಲೆ ಬ್ಯಾರೆಲ್. ನಮ್ಮ ಕಡೆ ಡೀಸೆಲ್ ಬ್ಯಾರೆಲ್ಲನ್ನು ಹೊರಗೆ ನೆಟ್ಟಗೆ ನಿಲ್ಲಿಸುವವರು ತುಂಬಾ ಜನ. ಮೇಲಿನ ಅಂಚಿನೊಳಗೆ ಮಳೆನೀರು ನಿಲ್ಲುತ್ತದೆ, ಬಿರಡೆ ಆ ನೀರಲ್ಲಿ ಮುಳುಗಿರುತ್ತದೆ, ಬಿಸಿಲಿಗೆ ಕಾದ ಬ್ಯಾರೆಲ್ ಮಳೆ ಬಿದ್ದು ತಣ್ಣಗಾದಾಗ ಒಳಗಿನಿಂದ ಎಳೆಯುತ್ತದೆ, ಬಿರಡೆ ಗಟ್ಟಿ ಇದ್ದ ಹಾಗೆ ಕಂಡರೂ ಅದರ ತಿರುಪಿನ ಸಂದಿನಿಂದಲೇ ನೀರು ಇಳಿಯುತ್ತದೆ. ನಾನು ತುಂಬಿದ ಬ್ಯಾರೆಲ್ಲನ್ನು ಶೆಡ್ ಒಳಗೆ ಮಲಗಿಸಿ ಇಡುತ್ತೇನೆ, ಎರಡು ಬಿರಡೆಗಳೂ ಒಂದೇ ಮಟ್ಟದಲ್ಲಿ ಎಡಕ್ಕೊಂದು ಬಲಕ್ಕೊಂದು ಬರುವ ಹಾಗೆ. ಒಳಗಿನಿಂದ ಡೀಸೆಲ್ಲೇ ಬಿರಡೆಯನ್ನು ಒದ್ದೆಯಾಗಿ ಇಟ್ಟಿರುತ್ತದೆ, ಗಾಳಿ ಹೋಗುವುದಿಲ್ಲ. ಬಳಸುತ್ತಿರುವುದನ್ನು ಓರೆಯಾಗಿ ನಿಲ್ಲಿಸುತ್ತೇನೆ. ಝಿಂಕ್ ಲೇಪನದ ಡ್ರಮ್‌ನಲ್ಲಿ ಡೀಸೆಲ್ ಇಡಲೇಬೇಡಿ, ಝಿಂಕ್ ಡೀಸೆಲ್ ಜೊತೆ ಸೇರಿ ಗಸಿ ಆಗುತ್ತದೆ.

ಜನರೇಟರ್ ಟ್ಯಾಂಕಿಗೆ ನಾನು ಮಾಡುವುದು ಮುಖ್ಯವಾಗಿ ಒಂದೇ. ಓಡಿಸಿ ನಿಲ್ಲಿಸಿದ ದಿನವೇ, ಎಂಜಿನ್ ತಣ್ಣಗಾದ ಮೇಲೆ, ಕತ್ತಲಾಗುವ ಮೊದಲು ತುಂಬಿಸಿಬಿಡುತ್ತೇನೆ. ನಾಳೆ ನೋಡೋಣ ಅಂತ ಬಿಡುವುದಿಲ್ಲ. ಎಂಜಿನ್‌ಗೆ ಬೇಡವಾದ ಡೀಸೆಲ್ ರಿಟರ್ನ್ ಪೈಪಿನಲ್ಲಿ ಬಿಸಿಯಾಗಿ ಟ್ಯಾಂಕಿಗೆ ವಾಪಸ್ ಬರುತ್ತದೆ, ಹಾಗಾಗಿ ಓಡಿಸಿದ ದಿನ ರಾತ್ರಿ ಟ್ಯಾಂಕ್ ಬೇರೆ ದಿನಕ್ಕಿಂತ ಜಾಸ್ತಿ ತಣಿಯುತ್ತದೆ, ಜಾಸ್ತಿ ಗಾಳಿ ಎಳೆಯುತ್ತದೆ. 80 ಲೀಟರ್ ಖಾಲಿ ಜಾಗವನ್ನು 10 ಲೀಟರ್‌ಗೆ ಇಳಿಸಿದರೆ ಹನಿಯೂ ಎಂಟನೇ ಒಂದು ಭಾಗಕ್ಕೆ ಇಳಿಯಿತು. ಕಂಠಪೂರ್ತಿ ಮಾತ್ರ ತುಂಬಿಸಬಾರದು, ಡೀಸೆಲ್ಲೂ ಬಿಸಿಲಿಗೆ ಹಿಗ್ಗುತ್ತದೆ, ನೂರಕ್ಕೆ ಐದರಷ್ಟು ಜಾಗ ಬಿಡಿ. ಗಾಳಿ ಬರಬಾರದು ಅಂತ ಮುಚ್ಚಳದ ತೂತಿಗೆ ಎಂ-ಸೀಲ್ ಮೆತ್ತುವ ಕೆಲಸವೂ ಬೇಡ. ಡೀಸೆಲ್ ಇಳಿದಷ್ಟು ಗಾಳಿ ಒಳಗೆ ಬರದಿದ್ದರೆ ಎಂಜಿನ್ ಉಸಿರು ಕಟ್ಟಿ ನಿಲ್ಲುತ್ತದೆ.

ಎಷ್ಟು ಜಾಗ್ರತೆ ಮಾಡಿದರೂ ಸ್ವಲ್ಪ ನೀರು ಬಂದೇ ಬರುತ್ತದೆ. ಬಂಕಿನಿಂದ ಬರುವ ಡೀಸೆಲ್‌ನಲ್ಲೇ ಕರಗಿದ ನೀರು ಸ್ವಲ್ಪ ಇರುತ್ತದೆ, ತಣ್ಣಗಾದಾಗ ಬೇರೆಯಾಗಿ ತಳ ಸೇರುತ್ತದೆ. ಅದಕ್ಕೆ ತಿಂಗಳಿಗೊಮ್ಮೆ ಬೆಳಿಗ್ಗೆ, ಜನರೇಟರ್ ಸ್ಟಾರ್ಟ್ ಮಾಡುವ ಮೊದಲು, ಟ್ಯಾಂಕಿನ ತಳದ ಬೋಲ್ಟ್ ಸಡಿಲಿಸಿ ಗಾಜಿನ ಬಾಟಲಿಗೆ ಸ್ವಲ್ಪ ಬಸಿಯುತ್ತೇನೆ. ರಾತ್ರಿಯೆಲ್ಲ ಅಲ್ಲಾಡದೆ ಇದ್ದರೆ ಮಾತ್ರ ನೀರು ಕೆಳಗೆ ಕೂತಿರುತ್ತದೆ. ಬಾಟಲಿಯಲ್ಲಿ ಸ್ವಲ್ಪ ಹೊತ್ತು ಬಿಟ್ಟರೆ ಗೆರೆ ಎದ್ದು ಕಾಣುತ್ತದೆ. ನೀರಿನ ಗೆರೆ ಇಲ್ಲದ ಡೀಸೆಲ್ ಬರುವ ತನಕ ಬಸಿಯಬೇಕು. ಫಿಲ್ಟರ್ ಕೆಳಗಿನ ನೀರಿನ ಬಟ್ಟಲನ್ನೂ ಆಗಲೇ ಬಿಡಿಸಿಬಿಡಿ. ಬ್ಯಾರೆಲ್‌ಗೆ ಬಂಕ್‌ನವರು ಬಳಸುವ ವಾಟರ್ ಪೇಸ್ಟ್ ಒಳ್ಳೆಯದು, ಕೋಲಿನ ತುದಿಗೆ ಹಚ್ಚಿ ತಳ ಮುಟ್ಟಿಸಿದರೆ ನೀರು ಇದ್ದಷ್ಟು ಎತ್ತರಕ್ಕೆ ಬಣ್ಣ ಬದಲಾಗುತ್ತದೆ. ಬಸಿದದ್ದನ್ನು ಗಿಡದ ಬುಡಕ್ಕೋ ಹಳ್ಳಕ್ಕೋ ಚೆಲ್ಲಬೇಡಿ, ದಯವಿಟ್ಟು. ನಾನು ಒಂದು ಕ್ಯಾನ್‌ನಲ್ಲಿ ಕೂಡಿಟ್ಟು, ಹಳೇ ಎಂಜಿನ್ ಆಯಿಲ್ ಒಯ್ಯುವವರಿಗೆ ಕೊಡುತ್ತೇನೆ.

ಕೆಲವರು ನೀರು ಹೋಗಲಿ ಅಂತ ಟ್ಯಾಂಕಿಗೆ ಸ್ಪಿರಿಟ್ ಸುರಿಯುತ್ತಾರೆ. ನಾನು ಸುರಿಯುವುದಿಲ್ಲ. ಸ್ಪಿರಿಟ್‌ಗೆ ಜಾರುವ ಗುಣ ಇಲ್ಲ, ಬೇಗ ಬೆಂಕಿ ಹಿಡಿಯುವ ಅಪಾಯ ಬೇರೆ. ಟ್ರಾನ್ಸ್‌ಫಾರ್ಮರ್‌ಗೆ ಹಾಕುವಂಥ ಸಿಲಿಕಾ ಜೆಲ್ ಡಬ್ಬಿಯನ್ನು ಟ್ಯಾಂಕಿನ ಗಾಳಿ ಪೈಪಿಗೆ ಹಾಕಬಹುದು, ನೀಲಿ ಹರಳು ಗುಲಾಬಿ ಆದರೆ ಬದಲಾಯಿಸಬೇಕು. ದೊಡ್ಡ ಟ್ಯಾಂಕ್ ಇದ್ದು, ತಿಂಗಳುಗಟ್ಟಲೆ ಸುಮ್ನೆ ನಿಲ್ಲುವ ಜನರೇಟರ್ ಆದರೆ ಅದು ಸರಿ. 100 ಲೀಟರ್ ಟ್ಯಾಂಕಿಗೆ ಅದು ಬೇಕಾಗಿಲ್ಲ ಅನ್ನುವುದು ನನ್ನ ಅಭಿಪ್ರಾಯ, ಆ ದುಡ್ಡಿಗೆ ಒಂದು ಹೊಸ ಮುಚ್ಚಳ ಮತ್ತು ಒಂದು ಸೆಟ್ ಫಿಲ್ಟರ್ ತಂದಿಟ್ಟುಕೊಳ್ಳಿ.