50 ಕೆಜಿ ಮೂಟೆ ಎತ್ತಲಾಗದ ಎಂಜಿನ್

ನಾನು ಕೆಲಸ ಮಾಡುವ ಎಂಜಿನ್‌ಗೆ 50 ಕೆಜಿ ಅಕ್ಕಿ ಮೂಟೆ ಎತ್ತುವ ತಾಕತ್ತಿಲ್ಲ. ಊರಲ್ಲಿ ಹೀಗಂದರೆ ಯಾರೂ ನಂಬುವುದಿಲ್ಲ. ತೀರ್ಥಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕವರೆಲ್ಲ "ರಾಕೆಟ್ ಬಿಡ್ತೀಯಂತಲ್ಲೋ" ಅಂತಲೇ ಮಾತು ಶುರು ಮಾಡುತ್ತಾರೆ. ರಾಕೆಟ್ ನನ್ನದಲ್ಲ. ಅದು ಉಪಗ್ರಹವನ್ನು ಮೇಲೆ ಬಿಟ್ಟು ಕೈತೊಳೆದುಕೊಂಡ ಮೇಲೆ ನಮ್ಮ ಕೆಲಸ. 36,000 ಕಿಮೀ ಎತ್ತರದ ತನ್ನ ಜಾಗಕ್ಕೆ ಉಪಗ್ರಹ ತಾನೇ ಹೋಗಿ ಸೇರಬೇಕು. ಹತ್ತು ಹದಿನೈದು ವರ್ಷ ಅಲ್ಲಿಂದ ಅತ್ತಿತ್ತ ಜರುಗದೆ ನಿಲ್ಲಬೇಕು. ಇಸ್ರೋದ ಸಂಪರ್ಕ ಉಪಗ್ರಹಗಳಲ್ಲಿರುವ ದೊಡ್ಡ ಎಂಜಿನ್ ತಳ್ಳುವ ಬಲ 440 ನ್ಯೂಟನ್. ನೆಲದ ಲೆಕ್ಕದಲ್ಲಿ ಸುಮಾರು 45 ಕೆಜಿ ಭಾರ. ಚಿಕ್ಕವು 10 ನ್ಯೂಟನ್, ಅಂಗೈ ಮೇಲೆ ಒಂದು ಕೆಜಿ ಸಕ್ಕರೆ ಪ್ಯಾಕೆಟ್ ಇಟ್ಟುಕೊಂಡ ಹಾಗೆ. ಅಲ್ಲಿ ತಡೆಯೋಕೆ ಗಾಳಿ ಇಲ್ಲ. ಸುಮ್ನೆ ಬಿಡದೆ ತಳ್ಳುತ್ತಾ ಇದ್ದರೆ ಆಯಿತು.

ನಾನು ಓದಿದ್ದು ಶಿವಮೊಗ್ಗದಲ್ಲಿ, ಸವಳಂಗ ರಸ್ತೆಯ ಕಾಲೇಜಿನಲ್ಲಿ, ಮೆಕ್ಯಾನಿಕಲ್. ಕೊನೆಯ ವರ್ಷದಲ್ಲಿದ್ದಾಗ ಮಂಗಳಯಾನ ಮಂಗಳ ತಲುಪಿತು. ಸುಮಾರು 300 ದಿನ ತೆಪ್ಪಗಿದ್ದ ಅದೇ 440 ನ್ಯೂಟನ್ ಎಂಜಿನ್ನನ್ನು 2014ರ ಸೆಪ್ಟೆಂಬರ್ 22ಕ್ಕೆ ನಾಲ್ಕು ಸೆಕೆಂಡ್ ಉರಿಸಿ ನೋಡಿದರು. 24ರ ಬೆಳಗ್ಗೆ ಸುಮಾರು 23 ನಿಮಿಷ ಉರಿಸಿದರು. ಹಾಸ್ಟೆಲ್ ಟೀವಿ ಮುಂದೆ ಎಲ್ಲರೂ ಕುಣಿದೆವು. ಇಷ್ಟು ದಿನ ಸುಮ್ಮನಿದ್ದ ಎಂಜಿನ್ ಹತ್ತಿಕೊಳ್ಳುತ್ತೋ ಇಲ್ಲವೋ ಅಂತ ಅಷ್ಟೊಂದು ತಲೆಬಿಸಿ ಯಾಕೆ ಅನ್ನುವುದು ಮಾತ್ರ ಆಗ ನನಗೆ ಅರ್ಥವಾಗಿರಲಿಲ್ಲ. ಆಮೇಲೆ ಒಂದೂವರೆ ವರ್ಷ ಮಾಚೇನಹಳ್ಳಿಯಲ್ಲಿ ಲೋಹ ಎರಕ ಹೊಯ್ಯುವ ಒಂದು ಫೌಂಡ್ರಿ. ಅಲ್ಲಿಂದ ಬೆಂಗಳೂರು, ಉಪಗ್ರಹಗಳ ಪ್ರೊಪಲ್ಷನ್ ಭಾಗ, ಅಂದರೆ ಅವನ್ನು ತಳ್ಳುವ ವ್ಯವಸ್ಥೆ ಮಾಡುವ ಕಂಪನಿ.

ಬೆಂಕಿ ಜೊತೆ ಕೆಲಸ ಅಂದುಕೊಂಡು ಹೋದೆ. ಸಿಕ್ಕಿದ್ದು ಪೈಪು.

ಒಳಗಿರುವುದು ಮುಖ್ಯವಾಗಿ ಎರಡು ದ್ರವ. ಒಂದು ಎಂಎಂಎಚ್ ಅನ್ನುವ ಇಂಧನ, ಇನ್ನೊಂದು ಮಾನ್-3 ಅನ್ನುವ ಆಕ್ಸಿಡೈಸರ್, ಇಂಧನ ಉರಿಯೋಕೆ ಬೇಕಾದ ಆಕ್ಸಿಜನ್ ಕೊಡುವಂಥದ್ದು. ಇವಕ್ಕೆ ಕಡ್ಡಿ ಗೀರುವುದು ಬೇಡ, ಒಂದಕ್ಕೊಂದು ತಾಗಿದರೆ ಸಾಕು, ಹತ್ತಿಕೊಳ್ಳುತ್ತವೆ. ಎರಡೂ ವಿಷ. ತಳ್ಳೋಕೆ ಪಂಪಿಲ್ಲ. ಬಾಟಲಿಯಲ್ಲಿ 200 ಬಾರ್‌ಗೂ ಜಾಸ್ತಿ ಒತ್ತಡದಲ್ಲಿ ತುಂಬಿಟ್ಟ ಹೀಲಿಯಂ, ರೆಗ್ಯುಲೇಟರ್ ದಾಟಿ ಬಂದು ಟ್ಯಾಂಕಿನ ದ್ರವವನ್ನು ಒತ್ತುತ್ತದೆ. ತೂಕವೇ ಇಲ್ಲದ ಕಡೆ ದ್ರವ ತಳದಲ್ಲಿ ಕೂರುವುದಿಲ್ಲವಲ್ಲ, ಪೈಪಿಗೆ ಬರೀ ಗ್ಯಾಸ್ ಹೋದರೆ? ಅದಕ್ಕೆ ಟ್ಯಾಂಕಿನೊಳಗೆ ತೆಳು ಲೋಹದ ರೆಕ್ಕೆಗಳಿರುತ್ತವೆ. ಹಂಚಿನ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಳೆಗಾಲದಲ್ಲಿ ಎರಡು ಹಂಚಿನ ಸಂದಿಯಲ್ಲಿ ನೀರು ಮೇಲ್ಮುಖವಾಗಿ ಹತ್ತಿ ಒಳಗೆ ತೊಟ್ಟಿಕ್ಕುತ್ತದಲ್ಲ, ಅದೇ ಗುಣ. ರೆಕ್ಕೆಗಳ ಸಂದಿ ಹಿಡಿದು ದ್ರವ ಬಾಯಿಯ ಹತ್ತಿರ ಬಂದು ನಿಲ್ಲುತ್ತದೆ.

ನಾನು ಹುಟ್ಟಿದ್ದು ಮಳೆಗಾಲದಲ್ಲಿ ಬೆಲ್ಟಿಗೂ ಬೂಷ್ಟು ಹಿಡಿಯುವ ಊರಲ್ಲಿ. ಕೆಲಸ ಮಾಡುವುದು ತೇವದ ಸುಳಿವೂ ಇರಬಾರದ ಕಡೆ. ಮಾನ್-3ಗೆ ನೀರು ಸೇರಿದರೆ ನೈಟ್ರಿಕ್ ಆಸಿಡ್ ಆಗುತ್ತದೆ. ಅದಕ್ಕೇ ತೊಳೆಯುವುದು, ಒಣ ನೈಟ್ರೋಜನ್ ಹಾಯಿಸುವುದು, ಮತ್ತೆ ತೇವ ಅಳೆಯುವುದು. ಇದೇ ದಿನಪೂರ್ತಿ.

ಇನ್ನು ಸೋರಿಕೆ. ನಾವು ಸಾಮಾನ್ಯವಾಗಿ ಇಟ್ಟುಕೊಳ್ಳುವ ಮಿತಿ ಸೆಕೆಂಡಿಗೆ ಒಂದು ಸಿಸಿಯ ಹತ್ತು ಲಕ್ಷದಲ್ಲಿ ಒಂದು ಪಾಲು. ಅಂದರೆ ಒಂದೇ ಒಂದು ಸಿಸಿ ಹೀಲಿಯಂ ಹೊರಗೆ ಹೋಗೋಕೆ ಹನ್ನೊಂದೂವರೆ ದಿನ ಬೇಕು. ಅದಕ್ಕಿಂತ ಬೇಗ ಹೋದರೆ ಫೇಲ್.

ಸೇರಿದ ಮೊದಲ ವರ್ಷ. ಪೈಪು ಜೋಡಣೆಯ ಒಂದು ಭಾಗ ಪರೀಕ್ಷೆಗೆ ಬಂತು. ಒಳಗಿನ ಗಾಳಿಯನ್ನೆಲ್ಲ ಎಳೆದು, ಅದನ್ನು ಹೀಲಿಯಂ ಪತ್ತೆ ಹಚ್ಚುವ ಯಂತ್ರಕ್ಕೆ ಜೋಡಿಸುತ್ತೇವೆ. ಆಮೇಲೆ ಹೊರಗಿನಿಂದ ಒಂದೊಂದೇ ಬೆಸುಗೆಗೆ ಸಣ್ಣಗೆ ಹೀಲಿಯಂ ಊದುತ್ತಾ ಹೋಗುವುದು. ತೂತಿದ್ದರೆ ಹೀಲಿಯಂ ಒಳಗೆ ನುಗ್ಗುತ್ತದೆ, ಮೀಟರ್ ಏರುತ್ತದೆ. ನಾನು ಕೆಳಗಿನಿಂದ ಶುರು ಮಾಡಿದೆ. ಎರಡನೇ ಬೆಸುಗೆಗೇ ಏರಿತು. ಮತ್ತೆ ಊದಿದೆ, ಮತ್ತೆ ಏರಿತು. ಮೂರು ಸಲ ನೋಡಿ ಖುಷಿಯಿಂದಲೇ ಕೆಂಪು ಟ್ಯಾಗ್ ಕಟ್ಟಿದೆ. ಕಳ್ಳ ಸಿಕ್ಕಿದ ಅಂತ. ಬೆಸುಗೆ ಕತ್ತರಿಸಿದರು. ಹೊಸ ತುಂಡು ಬೆಸೆದರು, ಎಕ್ಸ್‌ರೇ ತೆಗೆದರು, ತೊಳೆದರು, ಒಣಗಿಸಿದರು. ಹತ್ತು ದಿನ ಹೋಯಿತು. ಮತ್ತೆ ಹೀಲಿಯಂ ಊದಿದೆ. ಮೀಟರ್ ಮೊದಲಿನಷ್ಟೇ ಏರಿತು.

ನಮ್ಮ ಸೀನಿಯರ್ ಸಾಗರದ ಕಡೆಯವರು. ಬೈಯಲಿಲ್ಲ. "ನಿಮ್ಮನೆ ಬಚ್ಚಲ ಒಲೆ ಹೊಗೆ ಯಾವ ಕಡೆ ಹೋಗುತ್ತೆ?" ಅಂತ ಕೇಳಿದರು.

"ಮೇಲೆ."

"ಹೀಲಿಯಂ?"

ಬೆವರು ಕಿತ್ತುಕೊಂಡಿತು. ಗಾಳಿಗಿಂತ ಹಗುರ ಅನ್ನುವುದು ಹೈಸ್ಕೂಲ್ ಹುಡುಗನಿಗೂ ಗೊತ್ತು. ನಾನು ಕೆಳಗೆ ಊದಿದ್ದು ಮೇಲಕ್ಕೆ ಹೋಗಿ ಇನ್ನೆಲ್ಲೋ ಒಳಗೆ ನುಗ್ಗಿತ್ತು. ಮೇಲಿಂದ ಶುರು ಮಾಡಿದರೆ ಮೊದಲನೆಯದರಲ್ಲೇ ಸಿಕ್ಕಿತು. ಅದು ಬೆಸುಗೆಯೇ ಅಲ್ಲ, ಪರೀಕ್ಷೆಗೆಂದು ನಾನೇ ಹಾಕಿದ್ದ ಕನೆಕ್ಟರ್. ಅದರ ರಬ್ಬರ್ ರಿಂಗ್ ಮೇಲೆ ಒಂದು ನೂಲಿನ ಎಳೆ ಅಡ್ಡ ಬಿದ್ದಿತ್ತು, ರೆಪ್ಪೆಕೂದಲಿನಷ್ಟು. ಕತ್ತರಿಸಿದ ಬೆಸುಗೆಯನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಒಂದು ಕಲೆ ಇರಲಿಲ್ಲ. ಆ ತುಂಡು ಇವತ್ತಿಗೂ ನನ್ನ ಮೇಜಿನ ಮೇಲಿದೆ.

ಇಷ್ಟು ಸಣ್ಣದಕ್ಕೆ ಯಾಕೆ ಒದ್ದಾಟ ಅಂದರೆ, 2010ರ ಡಿಸೆಂಬರಿನಲ್ಲಿ ಜಪಾನಿನ ಅಕಾಟ್ಸುಕಿ ನೌಕೆ ಶುಕ್ರದ ಕಕ್ಷೆ ಸೇರುವ ಹೊತ್ತಿಗೆ ಸರಿಯಾಗಿ ಎಂಜಿನ್ ಕೈಕೊಟ್ಟಿತು. ದಾರಿಯಲ್ಲಿ ಆಕ್ಸಿಡೈಸರ್ ಆವಿ ಸೀಲ್‌ಗಳನ್ನು ದಾಟಿ ಇಂಧನದ ಆವಿ ಜೊತೆ ಸೇರಿ, ಉಪ್ಪು ಕಟ್ಟಿ, ಒಂದು ವಾಲ್ವ್ ಸರಿಯಾಗಿ ತೆರೆಯದಂತಾಗಿತ್ತು. ಪಾಪ, ಐದು ವರ್ಷ ಸೂರ್ಯನನ್ನು ಸುತ್ತಿ 2015ರಲ್ಲಿ ಥ್ರಸ್ಟರ್ ಅನ್ನುವ ಚಿಕ್ಕ ಎಂಜಿನ್‌ಗಳಲ್ಲೇ ಅದು ಶುಕ್ರದ ಕಕ್ಷೆ ಸೇರಿತು. ಹಾಸ್ಟೆಲ್ಲಿನಲ್ಲಿ ಅರ್ಥವಾಗದ ಆ 300 ದಿನದ ತಲೆಬಿಸಿ ನನಗೆ ಅರ್ಥವಾಗಿದ್ದು ಇದನ್ನು ಓದಿದಾಗ. ಎಂಜಿನ್ ಸುಮ್ಮನಿರಬಹುದು, ಆವಿ ಸುಮ್ಮನಿರುವುದಿಲ್ಲ.

ಶಿವಮೊಗ್ಗದ ಹುಡುಗರು ಆಗಾಗ ಫೋನ್ ಮಾಡುತ್ತಾರೆ, "ಸರ್, ಯಾವ ಸಾಫ್ಟ್‌ವೇರ್ ಕಲೀಬೇಕು?" ಅಂತ. ಕಲಿಯಿರಿ, ಬೇಡ ಅನ್ನುವುದಿಲ್ಲ. ಆದರೆ ಒಂದು ಫಿಟಿಂಗ್ ಬಿಚ್ಚಿ, ಸೀಲ್ ಒರೆಸಿ, ಟಾರ್ಕ್ ರೆಂಚಿನಲ್ಲಿ ಬಿಗಿದು, ಬರೆದಿಡೋಕೆ ಬರುತ್ತಾ? ಫೌಂಡ್ರಿಯ ಒಂದೂವರೆ ವರ್ಷ ದಂಡ ಅಂದುಕೊಂಡಿದ್ದೆ. ಲೋಹದೊಳಗೆ ಗಾಳಿಗುಳ್ಳೆ ಎಲ್ಲಿ ಅಡಗುತ್ತದೆ ಅಂತ ನೋಡುವ ಕಣ್ಣು ಬಂದಿದ್ದು ಅಲ್ಲೇ.

ಮೊನ್ನೆ ಜೂನ್‌ನಲ್ಲಿ ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಸೋಕೆ ಊರಿಗೆ ಹೋಗಿದ್ದೆ. 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಅಪ್ಪ ಈಗಲೂ ಕಬ್ಬಿಣದ ಚಾಕು ಅದ್ದಿ ನೋಡುತ್ತಾರೆ. ಅಲಗಿಗೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು ಅಂತ ಲೆಕ್ಕ. ಈಗ ಮರ ಹತ್ತುವುದು ಕಮ್ಮಿ, ನೆಲದಲ್ಲೇ ನಿಂತು ಔಷಧಿ ಹೊಡೆಯುವ ಉದ್ದ ಕೋಲು, ಕಾರ್ಬನ್ ಫೈಬರ್ ದೋಟಿ ಬಂದಿದೆ. "ಹೀಲಿಯಂ ಬಾಟಲಿಗೂ ಇದೇ ನೂಲು ಸುತ್ತೋದುಂಟು" ಅಂದೆ. ಅಪ್ಪ ದೋಟಿಯ ರೇಟು ಹೇಳಿದರು.

ಎರಡನೇ ಡ್ರಮ್ಮಿಗೆ ದೋಟಿ ಹಿಡಿದವನು "ಪ್ರೆಷರ್ ಇಲ್ಲಾ" ಅಂತ ಕೂಗಿದ. ಅಪ್ಪ ಪಿನ್ನು ತೆಗೆದು ನಾಜಲ್ ಚುಚ್ಚಲು ಹೊರಟರು. ತಡೆದೆ. ಚುಚ್ಚಿದರೆ ತೂತು ಅಗಲವಾಗುತ್ತದೆ, ಮಂಜಿನ ಬದಲು ದಪ್ಪ ಹನಿ ಬೀಳುತ್ತದೆ. ಮೊದಲು ಜಾಲರಿ ಬಿಚ್ಚಿದೆ. ಉಗುರಿನಷ್ಟು ಸುಣ್ಣದ ಚಕ್ಕೆ ಕೂತಿತ್ತು. ತೊಳೆದು ಹಾಕಿದೆ, ಡ್ರಮ್ಮಿನ ಬಾಯಿಗೆ ಇನ್ನೊಂದು ಮಡಿಕೆ ಬಟ್ಟೆ ಕಟ್ಟಿದೆ. ಅಪ್ಪ ಪಿನ್ನನ್ನು ಮತ್ತೆ ಅಂಗಿ ಜೇಬಿಗೆ ಸಿಕ್ಕಿಸಿಕೊಂಡರು. ಆಗುಂಬೆ ಕಡೆ ಮೋಡ ಕಪ್ಪಾಗುತ್ತಿತ್ತು, ಇನ್ನೂ ಎರಡು ಡ್ರಮ್ ಬಾಕಿ ಇತ್ತು.