ರಾಗಿಯಲ್ಲಿ ಇಂಜೆರಾ ಹುಯ್ಯುವುದು ಹೇಗೆ

ಇಥಿಯೋಪಿಯಾದ ಬಹಿರ್ ದಾರ್‌ ಊರಿಗೆ ಹೋದ ಎರಡನೇ ವಾರ, ಸಂತೆಯಲ್ಲಿ ಗೋಣಿಚೀಲದ ಬಾಯಿ ತೆರೆದು ಕೂತಿದ್ದ ಒಬ್ಬ ಹೆಂಗಸಿನ ಮುಂದೆ ನಿಂತುಬಿಟ್ಟೆ. ಚೀಲದಲ್ಲಿ ರಾಗಿ. ಮದ್ದೂರಿನ ನಮ್ಮ ಹೊಲದ್ದಕ್ಕಿಂತ ಬಣ್ಣ ತುಸು ಕಪ್ಪು, ಅಷ್ಟೇ. ಬೊಗಸೆಯಲ್ಲಿ ತೆಗೆದು ಮೂಸಿದೆ. "ದಾಗುಸಾ" ಎಂದಳು ಆಕೆ. ಪಕ್ಕದ ಚೀಲದಲ್ಲಿ ಕರ್ರಗೆ ಮಿನುಗುವ ಹುಚ್ಚೆಳ್ಳು. ಅದಕ್ಕೆ ಅಲ್ಲಿ "ನುಗ್" ಎನ್ನುತ್ತಾರೆ. ಊರು ಬಿಟ್ಟು ಸಾವಿರಾರು ಮೈಲಿ ಬಂದು ಟಾನಾ ಸರೋವರದ ದಡದಲ್ಲಿ ನಮ್ಮಪ್ಪನ ಹೊಲವನ್ನೇ ಕಂಡ ಹಾಗಾಗಿ ಕಣ್ಣು ತುಂಬಿತು.

ನಾನು ತಿಳಿದದ್ದು ತಿರುಗುಮುರುಗಾಗಿತ್ತು. ರಾಗಿ ನಮ್ಮಿಂದ ಅಲ್ಲಿಗೆ ಹೋದದ್ದಲ್ಲ. ಇಥಿಯೋಪಿಯಾದಿಂದ ಉಗಾಂಡದವರೆಗಿನ ಎತ್ತರದ ನಾಡಿನಲ್ಲಿ ಅದನ್ನು ಮೊದಲು ಬೇಸಾಯಕ್ಕೆ ತಂದರು, ಸಾವಿರಾರು ವರ್ಷಗಳ ಹಿಂದೆ ಅದು ನಮ್ಮ ಕಡೆಗೆ ಬಂತು. ಹುಚ್ಚೆಳ್ಳಿನ ತವರೂ ಇಥಿಯೋಪಿಯಾವೇ. ಸಸ್ಯಶಾಸ್ತ್ರದವರು ಅದಕ್ಕಿಟ್ಟ ಹೆಸರಿನಲ್ಲೇ ಅಬಿಸೀನಿಯಾ ಇದೆ, ಅದು ಇಥಿಯೋಪಿಯಾದ ಹಳೆಯ ಹೆಸರು. ನಮ್ಮಪ್ಪ ರಾಗಿ ಬಿತ್ತಿ ನಡುನಡುವೆ ಅಕ್ಕಡಿ ಸಾಲಿಗೆ ಅವರೆಯ ಜೊತೆ ಹುಚ್ಚೆಳ್ಳು ಹಾಕುತ್ತಿದ್ದರು. ಆ ಹೊಲದಲ್ಲಿ ಹಳದಿ ಹೂ ಬಿಟ್ಟು ನಿಂತದ್ದೂ, ತೆನೆ ಬಾಗಿಸಿ ನಿಂತದ್ದೂ ಒಂದೇ ಊರಿಂದ ಬಂದ ನೆಂಟರು ಎಂದು ನನಗೆ ಗೊತ್ತಾದದ್ದು ಐವತ್ತು ದಾಟಿದ ಮೇಲೆ. ಇನ್ನೊಂದು ಮಾತನ್ನೂ ಹೇಳಬೇಕು. ಅಪ್ಪ ಬಿತ್ತುತ್ತಿದ್ದದ್ದು ಇಂಡಾಫ್ ರಾಗಿ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ರಾಗಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ಭಾರತದ ರಾಗಿಗೆ ಆಫ್ರಿಕಾದ ರಾಗಿ ಕೂಡಿಸಿ ತೆಗೆದ ತಳಿ ಅದು. ಎರಡೂ ನಾಡಿನ ಹೆಸರು ಸೇರಿಯೇ "ಇಂಡಾಫ್" ಆಯಿತು. ನಾವು ಮುದ್ದೆ ಉಂಡು ಬೆಳೆದದ್ದು ಆ ಬೀಗತನದಿಂದ.

ಅದಕ್ಕೇ ಈ ಅಡುಗೆಯನ್ನು ಬರೆಯುತ್ತಿದ್ದೇನೆ. ಇಂಜೆರಾ ಎಂದರೆ ಹುಳಿ ಬರಿಸಿದ ಹಿಟ್ಟಿನಿಂದ ಹುಯ್ಯುವ ಅಗಲದ ಮೆತ್ತನೆಯ ರೊಟ್ಟಿ. ಅಲ್ಲಿ ಮುಖ್ಯವಾಗಿ ಟೆಫ್ ಎಂಬ ಸಣ್ಣ ಕಾಳಿನಿಂದ ಮಾಡುತ್ತಾರೆ. ಗೊಜ್ಜಾಮ್ ಸೀಮೆಯಲ್ಲಿ ದಾಗುಸಾವನ್ನೂ ಬೆರೆಸುತ್ತಾರೆ. ಟೆಫ್ ಇಲ್ಲಿ ಸುಲಭವಾಗಿ ಸಿಗದು, ಸಿಕ್ಕರೂ ದುಬಾರಿ. ನಮಗೆ ರಾಗಿ ಇರುವಾಗ ಅದರ ಚಿಂತೆ ಬೇಡ.

ನನಗೆ ಕಲಿಸಿದವರು ಪಕ್ಕದ ಮನೆಯ ಹಿರಿಯಾಕೆ. ವಯಸ್ಸಾದವರನ್ನು ಅಲ್ಲಿ "ಎಮಾಮ" ಎಂದು ಕರೆಯುತ್ತಾರೆ, ನಾವು ದೊಡ್ಡವ್ವ ಎಂದ ಹಾಗೆ. ನಮ್ಮ ಯಜಮಾನರು ವಿಶ್ವವಿದ್ಯಾಲಯದಲ್ಲಿ ಗಣಿತ ಹೇಳಿಕೊಡಲು ಬಂದವರು ಎಂದು ತಿಳಿದ ದಿನವೇ ಎಮಾಮಳ ಗಂಡ ನಮ್ಮನ್ನು ಮನೆಗೆ ಕರೆದರು. ಅವರಿಗೆ ಹೈಸ್ಕೂಲಿನಲ್ಲಿ ಲೆಕ್ಕ ಕಲಿಸಿದ್ದು ಇಂಡಿಯಾದ ಮೇಷ್ಟ್ರಂತೆ. ಹೈಲೆ ಸೆಲಾಸಿ ಚಕ್ರವರ್ತಿಯ ಕಾಲದಲ್ಲಿ ನಮ್ಮ ದೇಶದಿಂದ, ಅದರಲ್ಲೂ ಕೇರಳದಿಂದ, ಎಷ್ಟೋ ಮೇಷ್ಟ್ರುಗಳು ಅಲ್ಲಿನ ಶಾಲೆಗಳಿಗೆ ಹೋಗಿದ್ದರು. ಅವರು ಸಂಪಾದಿಸಿಟ್ಟ ಮರ್ಯಾದೆಯಲ್ಲಿ ನಾಲ್ಕು ವರ್ಷ ನಾವು ಉಂಡೆವು.

ಮೊದಲು ಹಿಟ್ಟು. ರಾಗಿ ಹಿಟ್ಟು 3 ಲೋಟ, ಗೋಧಿ ಹಿಟ್ಟು 1 ಲೋಟ. ಬರೀ ರಾಗಿಯಾದರೆ ಮಡಿಸುವಾಗ ಬಿರಿಯುತ್ತದೆ. ಗೋಧಿ ಬೇಡವೆಂದರೆ ಅಕ್ಕಿ ಹಿಟ್ಟು ಹಾಕಿ, ಆದರೆ ಎಳೆತ ಕಡಿಮೆ. ರಾಗಿ ಹಿಟ್ಟನ್ನು ಒಂದರಿ ಹಿಡಿದು ತೌಡು ತೆಗೆಯಿರಿ. ತರಿ ಉಳಿದರೆ ಇಂಜೆರಾ ಒರಟಾಗುತ್ತದೆ. ಉಗುರುಬೆಚ್ಚನೆಯ ನೀರನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತಾ ಮೊದಲು ಗಟ್ಟಿಯಾಗಿ, ಗಂಟಿಲ್ಲದಂತೆ ಕೈಯಲ್ಲೇ ಕಲಸಿ. ಆಮೇಲೆ ಇನ್ನಷ್ಟು ನೀರು ಸೇರಿಸಿ ದೋಸೆ ಹಿಟ್ಟಿನ ಹದಕ್ಕೆ ತನ್ನಿ. ಒಟ್ಟು ನೀರು ಸುಮಾರು 4 ಲೋಟ ಹಿಡಿಯುತ್ತದೆ. ಉಪ್ಪು ಈಗ ಬೇಡ.

ಇದಕ್ಕೆ ಹೆಪ್ಪು ಬೇಕು. ಅಲ್ಲಿ ಹಿಂದಿನ ಸಲದ ಹಿಟ್ಟಿನ ಮೇಲೆ ನಿಂತ ಹಳದಿ ತಿಳಿಯನ್ನು ಉಳಿಸಿಕೊಂಡಿರುತ್ತಾರೆ. ಅದರ ಹೆಸರು "ಎರ್ಷೊ". ನಮ್ಮ ಮನೆಯಲ್ಲಿ ಮೊದಲ ಸಲಕ್ಕೆ ನಾನು ಹಾಕಿದ್ದು ಹಿಂದಿನ ದಿನದ ಹುಳಿ ಅಂಬಲಿ, ಅರ್ಧ ಲೋಟ, ಮಜ್ಜಿಗೆ ಬೆರೆಸದ್ದು. ಪಾತ್ರೆಗೆ ಸಡಿಲವಾಗಿ ತಟ್ಟೆ ಮುಚ್ಚಿ ಇಡಿ. ಹಿಟ್ಟು ಉಬ್ಬುವುದಕ್ಕೆ ಪಾತ್ರೆ ಅರ್ಧ ಖಾಲಿ ಇರಲಿ. ಬೇಸಿಗೆಯಲ್ಲಿ ಎರಡು ದಿನ, ಚಳಿಗಾಲದಲ್ಲಿ ಮೂರು. ಮುಚ್ಚಳ ತೆಗೆದರೆ ಹುಳಿ ಅಂಬಲಿಯ ವಾಸನೆ ಬರಬೇಕು. ಮೇಲೆ ಕಪ್ಪು ಅಥವಾ ಗುಲಾಬಿ ಬೂಸ್ಟು ಕಂಡರೆ ಪೂರ್ತಿ ಚೆಲ್ಲಿಬಿಡಿ, ತೆಗೆದು ಉಳಿಸಲು ಹೋಗಬೇಡಿ.

ಹುಳಿ ಬಂದ ಮೇಲೆ ಮೇಲಿನ ತಿಳಿಯನ್ನು ಬಗ್ಗಿಸಿ, ಅರ್ಧ ಲೋಟದಷ್ಟನ್ನು ಬಾಟಲಿಗೆ ತುಂಬಿ ಫ್ರಿಜ್ಜಿನಲ್ಲಿಡಿ. ಮುಂದಿನ ಸಲಕ್ಕೆ ಅದೇ ಎರ್ಷೊ.

ಇನ್ನು ಎಲ್ಲರೂ ತಪ್ಪುವ ಜಾಗ. ಹಿಟ್ಟಿನಿಂದ ಒಂದು ಲೋಟ ತೆಗೆದು, ಎರಡು ಲೋಟ ಕುದಿಯುವ ನೀರಿಗೆ ಹುಯ್ದು, ಕೈಬಿಡದೆ ತಿರುಗಿಸುತ್ತಾ ಗಂಜಿಯಂತೆ ಹೊಳಪು ಬರುವವರೆಗೆ ಕಾಯಿಸಬೇಕು. ಇದು "ಅಬ್ಸಿತ್". ಹಿಟ್ಟಿಗೆ ಜಿಗುಟು ಕೊಡುವುದೂ, ಇಂಜೆರಾ ಮೆತ್ತಗಿರುವುದೂ ಇದರಿಂದ. ಎಮಾಮ ಇದನ್ನು ತೋರಿಸುತ್ತಿದ್ದಾಗ ನಾನು ಸೌಟು ಇಸಕೊಂಡು ಒಂದು ಗಂಟೂ ಇಲ್ಲದೆ ತಿರುಗಿಸಿದೆ. ಅಂಬಲಿ ಕಾಯಿಸಿದ ಕೈಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ. ಅವರು ನನ್ನ ಮುಖ ನೋಡಿದರು, ಸೌಟು ವಾಪಸ್ ಕೇಳಲಿಲ್ಲ. ಆದರೆ ಆಮೇಲೆ ನಾನೇ ಅವಸರಪಟ್ಟೆ, ಬಿಸಿ ಗಂಜಿಯನ್ನು ಹಾಗೇ ಹಿಟ್ಟಿಗೆ ಸುರಿದೆ. ಹುದುಗೆಲ್ಲ ಸತ್ತು ಆ ದಿನದ ಹಿಟ್ಟು ಏಳಲೇ ಇಲ್ಲ. ಬೆರಳಿಟ್ಟರೆ ಸುಡದಷ್ಟು ಆರಿದ ಮೇಲೆಯೇ ಬೆರೆಸಿ. ಚಿಟಿಕೆ ಉಪ್ಪು ಈಗ ಹಾಕಿ. ಒಂದೆರಡು ಗಂಟೆ ಬಿಟ್ಟರೆ ಹಿಟ್ಟು ಗುಳ್ಳೆಗುಳ್ಳೆಯಾಗಿ ಏಳುತ್ತದೆ. ಹದ ನೀರುದೋಸೆಗಿಂತ ಗಟ್ಟಿ, ಮಾಮೂಲಿ ದೋಸೆಗಿಂತ ತೆಳು ಇರಲಿ.

ಅಲ್ಲಿಯ ಹೆಂಚು "ಮಿತಾದ್" ಹತ್ತಿರಹತ್ತಿರ ಎರಡು ಅಡಿ ಅಗಲ. ನಮಗೆ ಇರುವ ದೊಡ್ಡ ಕಾವಲಿ ಸಾಕು. ಮೊದಲ ಸಲ ನಾನ್‌ಸ್ಟಿಕ್ ಆದರೆ ಭಯವಿಲ್ಲ. ಎಣ್ಣೆ ಬೇಡ. ಕಾವಲಿ ಚೆನ್ನಾಗಿ ಕಾಯಲಿ, ನೀರು ಚಿಮುಕಿಸಿದರೆ ಚುರ್ ಎನ್ನಬೇಕು. ಹಿಟ್ಟನ್ನು ಅಂಚಿನಿಂದ ಶುರುಮಾಡಿ ಸುತ್ತುತ್ತಾ ನಡುವಿಗೆ ಬನ್ನಿ. ಸೌಟಿನಿಂದ ಸವರಬೇಡಿ! ದೋಸೆಯ ಕೈ ತಾನಾಗಿಯೇ ಸವರಲು ಹೋಗುತ್ತದೆ, ಅದನ್ನು ತಡೆಯುವುದೇ ಕಷ್ಟ. ಸವರಿದರೆ ತೂತು ಮುಚ್ಚಿಹೋಗುತ್ತವೆ. ಅರ್ಧ ನಿಮಿಷದೊಳಗೆ ಮೇಲೆಲ್ಲ ತೂತು ಏಳುತ್ತವೆ. ಎಲ್ಲರ ಮನೆ ದೋಸೆಯೂ ತೂತೇ ಎನ್ನುತ್ತೇವೆ ನಾವು. ಅವರು ಆ ತೂತಿಗೆ ಕಣ್ಣು ಎನ್ನುತ್ತಾರೆ, ಕಣ್ಣಿಲ್ಲದ ಇಂಜೆರಾವನ್ನು ನೆಂಟರ ಮುಂದೆ ಇಡುವುದಿಲ್ಲ. ಕಣ್ಣು ಬಿಟ್ಟ ಮೇಲೆ ಮುಚ್ಚಳ ಮುಚ್ಚಿ, ಒಂದೂವರೆ ಎರಡು ನಿಮಿಷ ಆವಿಯಲ್ಲಿ ಬೇಯಲಿ. ಅಂಚು ತಾನಾಗಿ ಎದ್ದಾಗ ಬಟ್ಟೆಯ ಮೇಲೆ ಜಾರಿಸಿ. ಮಗುಚುವಂತಿಲ್ಲ. ಆರುವ ಮುನ್ನ ಒಂದರ ಮೇಲೊಂದು ಪೇರಿಸಿದರೆ ಅಂಟಿಕೊಳ್ಳುತ್ತವೆ.

ಜೊತೆಗೆ ಶಿರೊ ಮಾಡಿ. ಈರುಳ್ಳಿಯನ್ನು ಹುಚ್ಚೆಳ್ಳೆಣ್ಣೆಯಲ್ಲಿ ಕೆಂಪಗೆ ಬಾಡಿಸಿ, ಬೆಳ್ಳುಳ್ಳಿ, ಶುಂಠಿ ಹಾಕಿ. ಅವರ "ಬೆರ್ಬೆರೆ" ಖಾರದಪುಡಿಗೆ ಬದಲು ಬ್ಯಾಡಗಿ ಮೆಣಸಿನಕಾಯಿ, ಮೆಂತ್ಯ, ಕೊತ್ತಂಬರಿ ಬೀಜ, ಓಂಕಾಳು, ಏಲಕ್ಕಿ ಹುರಿದು ಕುಟ್ಟಿದರೆ ಹತ್ತಿರಕ್ಕೆ ಬರುತ್ತದೆ. ನೀರು ಕುದಿಸಿ, ಘಮ್ಮೆನ್ನುವಂತೆ ಹುರಿದ ಕಡಲೆ ಹಿಟ್ಟನ್ನು ಉದುರಿಸುತ್ತಾ ಕಲಕಿ, ಗೊಜ್ಜಿನ ಹದಕ್ಕೆ ಕುದಿಸಿ. ಅಲ್ಲಿಯ ಆರ್ಥೊಡಾಕ್ಸ್ ಕ್ರೈಸ್ತರು ಬುಧವಾರ, ಶುಕ್ರವಾರ ಮಾಂಸ, ಹಾಲು, ತುಪ್ಪ ಮುಟ್ಟುವುದಿಲ್ಲ. ಆ ಎರಡು ದಿನ ಎಮಾಮಳ ಮನೆಯ ಊಟ ನನ್ನ ಊಟವೂ ಆಗುತ್ತಿತ್ತು: ಶಿರೊ, ಬೇಳೆ, ಎಲೆಕೋಸು, ಎಲ್ಲವೂ ನುಗ್ ಎಣ್ಣೆಯಲ್ಲಿ.

ದೊಡ್ಡ ತಟ್ಟೆಗೆ ಒಂದು ಇಂಜೆರಾ ಹಾಸಿ ಶಿರೊವನ್ನು ಅದರ ಮೇಲೇ ಬಡಿಸಿ. ಸುತ್ತ ಕೂತು ಒಂದೇ ತಟ್ಟೆಯಿಂದ ಎಲ್ಲರೂ ಮುರಿದು ತಿನ್ನಬೇಕು. ಮೊದಲ ತುತ್ತನ್ನು ಪಕ್ಕದವರ ಬಾಯಿಗೆ ಇಡಿ, ಅದಕ್ಕೆ "ಗುರ್ಷಾ" ಎಂದು ಹೆಸರು. ಎಮಾಮ ನನಗಿಟ್ಟ ಮೊದಲ ಗುರ್ಷಾ ಎಷ್ಟು ದೊಡ್ಡದಿತ್ತೆಂದರೆ ಮಾತಾಡಲಾಗದೆ ಕೈಮುಗಿದೆ. ಅವರು ಎರಡನೆಯದನ್ನು ಆಗಲೇ ಸುತ್ತುತ್ತಿದ್ದರು.

ಮಿಕ್ಕದ್ದನ್ನು ಚೆಲ್ಲಬೇಡಿ. ಮಾರನೇ ದಿನ ಬೆಳಿಗ್ಗೆ ಚೂರು ಮಾಡಿ, ಉಳಿದ ಶಿರೊಗೆ ಸ್ವಲ್ಪ ನೀರು, ಈರುಳ್ಳಿ ಸೇರಿಸಿ ಬಿಸಿ ಮಾಡಿ ಅದರಲ್ಲಿ ಹೊರಳಿಸಿ. ಅವರು ಅದಕ್ಕೆ ಫಿರ್‌ಫಿರ್ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಮಕ್ಕಳು ಇಂಜೆರಾಕ್ಕಿಂತ ಅದನ್ನೇ ಕೇಳಿ ತಿನ್ನುತ್ತಾರೆ, ಅದಕ್ಕಾಗಿ ಹಿಂದಿನ ರಾತ್ರಿ ನಾಲ್ಕು ಹೆಚ್ಚಿಗೆ ಹುಯ್ದಿಡುತ್ತೇನೆ.