‘ಕರೆಂಟ್ ಬೇಕೋ, ಬೇಡವೋ?’ ಎಂದು ಕೇಳಿದಾಗ

ಈ ಪ್ರಶ್ನೆಗೆ ಒಮ್ಮೆ ನಾನೇ ಸೋತಿದ್ದೇನೆ. ಒಂದು ಕಲ್ಲಿದ್ದಲು ವಿದ್ಯುತ್ ಘಟಕದ ಪರಿಸರ ಆಲಿಕೆ ಸಭೆ ಅದು, ಅಂದರೆ ಪರಿಸರ ಅನುಮತಿ ಕೊಡುವ ಮುಂಚೆ ಊರವರ ಮಾತು ಕೇಳುವ ಸಭೆ. ಯಾವುದು ಅಂತ ಬೇಡ. ನಾನು ಎದ್ದು ಬೂದಿಯ ಬಗ್ಗೆ ಕೇಳಿದೆ. ವೇದಿಕೆ ಹತ್ತಿರ ನಿಂತಿದ್ದ ಒಬ್ಬರು ನಗುತ್ತಾ, ‘ಕಾಕಾ, ನಿಮ್ಮ ಬೋರ್‌ವೆಲ್ಲಿಗೆ ಕರೆಂಟ್ ಬೇಕೋ, ಬೇಡವೋ?’ ಅಂದರು. ಪೆಂಡಾಲಿಗೆ ಪೆಂಡಾಲೇ ನಕ್ಕಿತು. ಮೂವತ್ತು ವರ್ಷ ಸಬ್‌ಸ್ಟೇಷನ್ನಿನಲ್ಲಿ ಆಪರೇಟರ್ ಆಗಿದ್ದವನು ನಾನು. ಬಾಯಿಗೆ ಮಾತು ಬರದೆ ಕೂತುಬಿಟ್ಟೆ.

ವಿಜಯಪುರಕ್ಕೆ ವಾಪಸ್ ಬರುವಾಗ ಬಸ್ಸಿನಲ್ಲಿ ಉತ್ತರ ಹೊಳೆಯಿತು. ‘ಬೇಕು. ಯಾವ ಗಂಟೆಗೆ ಎಷ್ಟು ಅಂತ ಮೊದಲು ಹೇಳಿ.’ ನಿಮ್ಮ ಕಡೆ ಇಂಥ ಸಭೆ ನಡೆದರೆ ಬಸ್ ಹತ್ತುವ ಮೊದಲೇ ನಿಮಗೆ ಉತ್ತರ ಹೊಳೆಯಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ಕಾಗದ. ಕೇಂದ್ರದ 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಸಭೆಗೆ ಕನಿಷ್ಠ 30 ದಿನ ಮುಂಚೆ ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು. ಘಟಕದಿಂದ ಪರಿಸರಕ್ಕೆ ಏನಾಗುತ್ತದೆ ಎಂದು ಹೇಳುವ ವರದಿಯ ಸಾರಾಂಶ ಕನ್ನಡದಲ್ಲೂ ಇರಬೇಕು. ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯಿತಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿ, ಇಲ್ಲೆಲ್ಲ ಅದು ಓದಲು ಸಿಗುತ್ತದೆ. ಪೂರ್ತಿ ಓದಲು ಹೋಗಬೇಡಿ, ನಿದ್ದೆ ಬರುತ್ತದೆ. ನೀರು, ಬೂದಿ, ಚಿಮಣಿ, ಈ ಮೂರು ಅಧ್ಯಾಯ ಸಾಕು. ನಿಮ್ಮ ಪ್ರಶ್ನೆಗಳನ್ನು ಬರೆದು ಮುಂಚೆಯೇ ಕೊಡಿ, ಇನ್ನೊಂದು ಪ್ರತಿಯ ಮೇಲೆ ‘ಸ್ವೀಕರಿಸಲಾಗಿದೆ’ ಸೀಲು ಹಾಕಿಸಿಕೊಳ್ಳಿ. ಮೈಕು ಕೈಗೆ ಸಿಗದಿದ್ದರೂ ಆ ಕಾಗದ ಲೆಕ್ಕಕ್ಕೆ ಬರುತ್ತದೆ.

ಇನ್ನು ಕರೆಂಟಿನ ಕಡೆಯವರ ಕಷ್ಟವನ್ನೂ ತಿಳಿದುಕೊಂಡು ಹೋಗಿ. ಅದು ಸುಳ್ಳಲ್ಲ. ನಮ್ಮ ಜಿಲ್ಲೆಯ ಕೂಡಗಿಯ ಕಲ್ಲಿದ್ದಲು ಘಟಕದಲ್ಲಿ 800 ಮೆಗಾವ್ಯಾಟಿನ ಮೂರು ಯೂನಿಟ್ ಇವೆ. ಒಂದು ಟ್ರಿಪ್ ಆದರೆ, ಅಂದರೆ ತಟ್ಟನೆ ನಿಂತರೆ, 800 ಮೆಗಾವ್ಯಾಟ್ ಒಂದೇ ಏಟಿಗೆ ಹೋಯಿತು. ಆಲಮಟ್ಟಿಯ ಜಲವಿದ್ಯುತ್ ಕೇಂದ್ರ ಪೂರ್ತಿ ತಿರುಗಿದರೂ 290. ಎಲ್ಲ ಕೇಂದ್ರಗಳನ್ನು ಜೋಡಿಸುವ ಲೈನುಗಳ ಜಾಲವೇ ಗ್ರಿಡ್. ಅದರ ಫ್ರೀಕ್ವೆನ್ಸಿ, ಅಂದರೆ ಕರೆಂಟು ಸೆಕೆಂಡಿಗೆ ಎಷ್ಟು ಸಲ ಅತ್ತಿತ್ತ ತಿರುಗುತ್ತದೆ ಅನ್ನುವ ಲೆಕ್ಕ, 50ರ ಆಸುಪಾಸಿನಲ್ಲೇ ನಿಲ್ಲಬೇಕು. ಕರೆಂಟು ಸಾಲದೆ ಅದು ತೀರಾ ಕೆಳಗೆ ಇಳಿದರೆ ಕಾವಲಿನ ರಿಲೇ ತಾನಾಗಿಯೇ ಫೀಡರ್, ಅಂದರೆ ಊರಿಗೆ ಹೋಗುವ ಲೈನು, ಕಡಿಯುತ್ತದೆ, ಯಾರ ಹೊಲ, ಯಾರ ಮನೆ ಅಂತ ನೋಡುವುದಿಲ್ಲ. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತ ಕತ್ತಲಾದಾಗ ನಾವು ಬಚಾವಾದೆವು, ಯಾಕೆಂದರೆ ಆಗ ದಕ್ಷಿಣದ ಗ್ರಿಡ್ ಬೇರೆಯೇ ಇತ್ತು. 2013ರ ಕೊನೆಯ ದಿನ ರಾಯಚೂರು–ಸೊಲ್ಲಾಪುರ 765 ಕೆವಿ ಲೈನಿನಿಂದ ದೇಶದ ಗ್ರಿಡ್ಡಿಗೆ ಸೇರಿದೆವು. ಈಗ ಒಬ್ಬರಿಗೆ ಕೆಮ್ಮು ಬಂದರೆ ಎಲ್ಲರಿಗೂ ಬರಬಹುದು.

ಅದಕ್ಕೇ ‘ಘಟಕ ಮುಚ್ಚಿ’ ಅನ್ನುವ ಮಾತಿನಿಂದ ಶುರು ಮಾಡಬೇಡಿ. ಗಡಿಯಾರದಿಂದ ಶುರು ಮಾಡಿ. ಒಂದು ಹಾಳೆಯಲ್ಲಿ 24 ಗೆರೆ ಹಾಕಿ, ನಾವು ಲಾಗ್‌ಶೀಟಿನಲ್ಲಿ ಹಾಕುತ್ತಿದ್ದಂತೆ. ನಿಮ್ಮ ಪಂಪ್‌ಸೆಟ್ಟಿಗೆ ತ್ರೀಫೇಸ್ ಯಾವಾಗ ಬರುತ್ತದೆ, ಮನೆಗೆ ಯಾವಾಗ ಹೋಗುತ್ತದೆ, ಒಂದು ತಿಂಗಳು ಬರೆಯಿರಿ. ನನ್ನ ತಮ್ಮನಿಗೆ ತಿಕೋಟಾದಲ್ಲಿ ದ್ರಾಕ್ಷಿ ತೋಟ ಇದೆ. ಅವನಿಂದಲೂ ಬರೆಸಿದೆ. ಪಂಪ್‌ಸೆಟ್ಟಿಗೆ ದಿನಕ್ಕೆ ಸಿಗುವ ಏಳು ತಾಸಿನ ಕರೆಂಟು ಬಿಸಿಲಿನ ಹೊತ್ತಿಗೆ ಬಂದರೆ ಅದನ್ನು ಎಳೆಯಲು ಸೋಲಾರ್ ಇದೆ. ಕಲ್ಲಿದ್ದಲು ನಿಜವಾಗಿ ಬೇಕಾಗುವುದು ಸೂರ್ಯ ಮುಳುಗಿದ ಮೇಲೆ, ಎಲ್ಲ ಮನೆಯಲ್ಲೂ ಲೈಟು, ಟಿವಿ ಒಟ್ಟಿಗೆ ಹತ್ತಿದಾಗ. ಮಧ್ಯಾಹ್ನದ ಹೆಸರು ಹೇಳಿ ರಾತ್ರಿಯ ಹೊಗೆಗೆ ಒಪ್ಪಿಗೆ ಕೇಳಿದರೆ ಈ ಹಾಳೆ ತೋರಿಸಿ.

ಇಲ್ಲೊಂದು ಒಳಗುಟ್ಟು ಇದೆ, ಅದನ್ನು ಹೊರಗಿನವರು ಕೇಳುವುದೇ ಇಲ್ಲ. ಹಗಲು ಸೋಲಾರ್ ಜಾಸ್ತಿ ಬಂದಾಗ ಕಲ್ಲಿದ್ದಲು ಯೂನಿಟ್ ಕೆಳಗೆ ಇಳಿಯಬೇಕು. 2023ರ ಕೇಂದ್ರ ನಿಯಮದಂತೆ 55 ಪ್ರತಿಶತಕ್ಕೆ ಇಳಿಯಲು ಅದು ತಯಾರಿರಬೇಕು, ಮುಂದೆ ಹಂತ ಹಂತವಾಗಿ 40ಕ್ಕೆ. 800ರ ಯೂನಿಟ್ 440ಕ್ಕೆ ಇಳಿದು ಸಂಜೆ ಮತ್ತೆ ಏರಬೇಕು ಅಂದಂತಾಯಿತು. ಪೂರ್ತಿ ಬಂದ್ ಆಗಿದ್ದರೆ ಎಣ್ಣೆ ಸುಟ್ಟು ಚಾಲೂ ಮಾಡಬೇಕು. ಚಿಮಣಿಗೆ ಮುಂಚೆ ದೂಳು ಹಿಡಿಯುವ ಇಎಸ್‌ಪಿ ಇದೆಯಲ್ಲ, ಹೈವೋಲ್ಟೇಜಿನಿಂದ ದೂಳನ್ನು ಪ್ಲೇಟಿಗೆ ಅಂಟಿಸಿಕೊಳ್ಳುವ ಯಂತ್ರ, ಅದು ಎಣ್ಣೆ ಉರಿಯುವ ಹೊತ್ತಿನಲ್ಲಿ ಪೂರ್ತಿ ಕೆಲಸ ಮಾಡುವುದಿಲ್ಲ. ಅದರ ಒಂದೊಂದು ಭಾಗಕ್ಕೆ ಫೀಲ್ಡ್ ಅನ್ನುತ್ತಾರೆ. ಫೀಲ್ಡ್ ಕೆಟ್ಟರೂ ಯೂನಿಟ್ ಓಡುತ್ತಲೇ ಇರುತ್ತದೆ, ದೂಳು ಮಾತ್ರ ಜಾಸ್ತಿ.

ಆದ್ದರಿಂದ ‘ಸರಾಸರಿ ಎಷ್ಟು?’ ಅಂತ ಕೇಳಬೇಡಿ. ಸರಾಸರಿಯಲ್ಲಿ ಕೆಟ್ಟ ಗಂಟೆಗಳು ಅಡಗಿಕೊಳ್ಳುತ್ತವೆ. ‘ಹೋದ ವರ್ಷ ಎಷ್ಟು ಸಲ ಚಾಲೂ ಮಾಡಿದಿರಿ? ಆ ಗಂಟೆಗಳಲ್ಲಿ ಚಿಮಣಿಯ ಆನ್‌ಲೈನ್ ಮೀಟರ್ ಏನು ತೋರಿಸಿತು? ಎಷ್ಟು ಫೀಲ್ಡ್ ಎಷ್ಟು ದಿನ ಔಟ್ ಇದ್ದವು?’ ಅಂತ ಕೇಳಿ. ಮಿತಿಯೂ ನೆನಪಿರಲಿ. 2017ರ ಜನವರಿಯಿಂದ ಈಚಿನ ಯೂನಿಟ್‌ಗೆ ಘನ ಮೀಟರಿಗೆ 30 ಮಿಲಿಗ್ರಾಂ ದೂಳು, 2004ರಿಂದ 2016ರ ನಡುವಿನದಕ್ಕೆ 50, ಅದಕ್ಕೂ ಹಳೆಯದಕ್ಕೆ 100. ಇದು 2015ರ ಡಿಸೆಂಬರಿನ ನಿಯಮ.

ಗಂಧಕದ ಹೊಗೆಯ ವಿಷಯದಲ್ಲಿ ಹಳೆಯ ಮಾಹಿತಿ ಹಿಡಿದುಕೊಂಡು ಹೋಗಬೇಡಿ, ಮುಜುಗರ ಆಗುತ್ತದೆ. 2015ರ ಅದೇ ನಿಯಮದಲ್ಲಿ ಗಂಧಕಕ್ಕೂ ಮಿತಿ ಇತ್ತು. ಅದನ್ನು ಪಾಲಿಸುವ ಗಡುವು ಮುಂದೆ ಹೋಗುತ್ತಾ ಹೋಗುತ್ತಾ, 2025ರ ಜುಲೈನಲ್ಲಿ ಬಹುಪಾಲು ಘಟಕಗಳಿಗೆ ಆ ಮಿತಿಯಿಂದಲೇ ವಿನಾಯಿತಿ ಸಿಕ್ಕಿತು. ದೆಹಲಿಯ ರಾಜಧಾನಿ ಪ್ರದೇಶದಿಂದ ಅಥವಾ ಹತ್ತು ಲಕ್ಷಕ್ಕಿಂತ ಹೆಚ್ಚು ಜನ ಇರುವ ನಗರದಿಂದ 10 ಕಿಲೋಮೀಟರ್ ಒಳಗಿದ್ದರೆ ಮಾತ್ರ 2027ರ ಕೊನೆಯೊಳಗೆ ಪಾಲಿಸಲೇಬೇಕು. ಮಾಲಿನ್ಯ ಹೆಚ್ಚಿರುವ ಊರುಗಳ ಹತ್ತಿರದ್ದನ್ನು ಒಂದೊಂದಾಗಿ ನೋಡಿ ತೀರ್ಮಾನಿಸುತ್ತಾರೆ. ಉಳಿದವರು ಚಿಮಣಿಯ ಎತ್ತರದ ನಿಯಮ ಪಾಲಿಸಿದರೆ ಸಾಕು. ನನಗಂತೂ ಇದು ಸರಿ ಕಾಣುವುದಿಲ್ಲ. ಎತ್ತರದ ಚಿಮಣಿ ಹೊಗೆಯನ್ನು ಕಡಿಮೆ ಮಾಡುವುದಿಲ್ಲ, ಪಕ್ಕದ ಜಿಲ್ಲೆಗೆ ಕಳಿಸುತ್ತದೆ, ಅಷ್ಟೇ. ದೂಳಿನ ಮಿತಿ, ಪಾದರಸದ ಮಿತಿ ಮಾತ್ರ ಹಾಗೇ ಇವೆ, ಅದನ್ನು ಬಿಡಬೇಡಿ.

‘ಗಂಧಕ ತೊಳೆಯುವ ಯಂತ್ರ ಜೋಡಿಸಲು ಯೂನಿಟ್ ವಾರಗಟ್ಟಲೆ ಬಂದ್ ಮಾಡಬೇಕಲ್ಲ, ಕರೆಂಟ್ ಎಲ್ಲಿಂದ ತರೋಣ?’ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಅದಕ್ಕೆ ಉತ್ತರ ಮಳೆಗಾಲ. ಜುಲೈ, ಆಗಸ್ಟಿನಲ್ಲಿ ನಮ್ಮ ಗಾಳಿ ಫ್ಯಾನುಗಳು ಜೋರಾಗಿ ತಿರುಗುತ್ತವೆ, ಡ್ಯಾಮಿಗೆ ನೀರು ಬರುತ್ತಿರುತ್ತದೆ, ಮಳೆ ಚೆನ್ನಾಗಿದ್ದರೆ ಪಂಪ್‌ಸೆಟ್ ನಿಂತಿರುತ್ತವೆ. ಹೇಗೂ ರಿಪೇರಿಗೆ ಯೂನಿಟ್ ಇಳಿಸುವ ಕಾಲ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಮಾತ್ರ ಮುಟ್ಟಬಾರದು. ಆ ಯಂತ್ರಕ್ಕೆ ಬೇಕಾದ ಸುಣ್ಣದಕಲ್ಲು ಪಕ್ಕದ ಬಾಗಲಕೋಟೆ ಜಿಲ್ಲೆಯಲ್ಲೇ ಇದೆ. ಯಂತ್ರ ಒಂದಿಷ್ಟು ಕರೆಂಟು, ನೀರು ತಿನ್ನುತ್ತದೆ ಅನ್ನುವುದು ನಿಜ. ಅದನ್ನು ಒಪ್ಪಿಕೊಂಡೇ ಮಾತಾಡಿ.

ಬೂದಿಗೆ ಹೆಚ್ಚು ಹೇಳಬೇಕಿಲ್ಲ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆ, ಬೂದಿ ಮೂರರಲ್ಲಿ ಒಂದು ಪಾಲು. 2021ರ ನಿಯಮದಂತೆ ಅಷ್ಟೂ ಬಳಕೆಯಾಗಬೇಕು, ಉಳಿದರೆ ಟನ್ನಿಗೆ 1000 ರೂಪಾಯಿ ದಂಡ. ಬೂದಿ ಸಾಗಿಸುವ ಲಾರಿಗೆ ತಾಡಪತ್ರಿ ಇದೆಯೋ ಇಲ್ಲವೋ, ಫೋಟೋ ತೆಗೆದು ತಾರೀಖು ಬರೆದಿಡಿ.

ಕೊನೆಗೆ, ಊಟದ ಹೊತ್ತಾಯಿತು ಅಂತ ಎದ್ದು ಬರಬೇಡಿ. ಸಭೆಯ ಕೊನೆಯಲ್ಲಿ ನಡಾವಳಿಯನ್ನು ಕನ್ನಡದಲ್ಲಿ ಓದಿ ಹೇಳಲೇಬೇಕು. ನಿಮ್ಮ ಪ್ರಶ್ನೆ ಬಿಟ್ಟುಹೋಗಿದ್ದರೆ ಆಗಲೇ ‘ಸಾಹೇಬರೇ, ನಂದು ಬಂದಿಲ್ಲರೀ’ ಅನ್ನಿ. ಆ ಹೊತ್ತಿಗೆ ಪೆಂಡಾಲಿನಲ್ಲಿ ಹತ್ತು ಜನ ಇರುತ್ತಾರೆ, ಅಷ್ಟೇ. ನಾನು ಈಗ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡೇ ಹೋಗುತ್ತೇನೆ.